ಭಾನುವಾರ ಶಹಾಬಾದಿಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ್ರೀ. ಶಹಾಬಾದಿನ ಫರ್ಸಿ (ನೆಲಕ್ಕೆ ಹಾಸುವ ಚಪ್ಪಡಿ) ಕಲ್ಲಿನ ಗಣಿ ನೋಡೋಕೆ ಭಾನುವಾರ ಬೆಳಿಗ್ಗೆ 6ಕ್ಕೆ ಕಲಬುರಗಿ ರೈಲ್ವೆ ಸ್ಟೇಷನ್ ಮುಂದೆ ಸೇರೋಣ. ನೀರು, ಟೋಪಿ ಮರೀಬೇಡಿ. ಕಲ್ಲಿನ ಗಣಿಯಲ್ಲಿ ನೆರಳು ಅನ್ನೋದೇ ಇಲ್ಲ.

ನಿನ್ನೆ ಒಬ್ಬರು ಮನೆಯ ಫರ್ಸಿ ಕಲ್ಲಿನ ಫೋಟೋ ಹಾಕಿದ್ದರು. ಅದರ ಮೇಲೆ ಎಲೆಯಂಥ ಕಪ್ಪು ಗುರುತು. ಇದು ಪಳೆಯುಳಿಕೆ ಅಲ್ವಾ ಎಂದು ಕೇಳಿದ್ದರು. ಅಲ್ಲ. ಕಲ್ಲಿನ ಸಂದಿಗೆ ಇಳಿದ ನೀರಿನಲ್ಲಿರುವ ಮ್ಯಾಂಗನೀಸ್ ಎಂಬ ಲೋಹದ ಅಂಶ ಹೀಗೆ ಕವಲೊಡೆದು ಹರಳುಗಟ್ಟುತ್ತದೆ. ಮೊದಲ ಸಲ ನಾನೂ ಮೋಸ ಹೋಗಿದ್ದೆ! ನಮ್ಮ ಫರ್ಸಿ ಒಂದು ಕಾಲಕ್ಕೆ ಸಮುದ್ರದ ತಳದ ಸುಣ್ಣದ ಕೆಸರು. 50 ಕೋಟಿ ವರ್ಷಕ್ಕಿಂತ ಹಳೆಯದು. ಆಗ ನೆಲದ ಮೇಲೆ ಗಿಡವೇ ಇರಲಿಲ್ಲ, ಎಲೆ ಎಲ್ಲಿಂದ ಬರಬೇಕು?

ಗಣಿಯ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಪದರಗಳು ಮಗುಚಿಲ್ಲದಿದ್ದರೆ ಕೆಳಗಿನದೇ ಹಳೆಯದು. ನಮ್ಮ ಕಡೆ ಹಲವು ಜಾಗದಲ್ಲಿ ಈ ಕಲ್ಲಿನ ಮೇಲೆ ಕಪ್ಪು ಬಸಾಲ್ಟ್ ಕೂತಿದೆ. ಅದು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ತೊಗರಿ ಬೆಳೆಯುವ ಕರಿ ಮಣ್ಣು ಹೆಚ್ಚಾಗಿ ಅದೇ ಸವೆದು ಆದದ್ದು. ಫರ್ಸಿಗೂ ಬಸಾಲ್ಟಿಗೂ ನಡುವಿನ ಕೋಟಿಗಟ್ಟಲೆ ವರ್ಷಗಳ ಪದರಗಳೇ ಅಲ್ಲಿಲ್ಲ, ಪುಸ್ತಕದ ಪುಟಗಳೇ ಹರಿದು ಹೋದಂತೆ. ನನಗೆ ಅದೇ ಜಾಸ್ತಿ ಸೋಜಿಗ.

ಪಳೆಯುಳಿಕೆಯೇ ಬೇಕೆಂದರೆ ಗುರುಮಠಕಲ್ ಕಡೆ ಹೋಗಬೇಕು. ಒಂದು ಲಾವಾ ಹರಿದು ನಿಂತು, ಇನ್ನೊಂದು ಬರುವ ನಡುವೆ ನೀರು ನಿಂತಿದ್ದ ಜಾಗ ಅಲ್ಲಿದೆ. ಆ ಕೆಸರಿನಲ್ಲಿ ಸಿಹಿನೀರಿನ ಪುಟ್ಟ ಚಿಪ್ಪುಜೀವಿಗಳು ಉಳಿದಿವೆ. ಅದು ಇನ್ನೊಮ್ಮೆ.

ಸುತ್ತಿಗೆ ತರಬೇಡಿ, ನೋಡೋಕೆ ಮಾತ್ರ ಒಪ್ಪಿಗೆ ಸಿಕ್ಕಿದೆ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.