ಅಮ್ಮನ ಕೈಯ ಪಟ್ಟಿ: ಸೀನನಿಗೊಂದು ಪತ್ರ

ಪ್ರಿಯ ಸೀನ,

ಕಳೆದ ವಾರ ಫೋನಿನಲ್ಲಿ ನೀನು ಅಮ್ಮನ ಕೈ ಹೇಗಿದೆಯೆಂದು ಕೇಳಿದಾಗ, ಪರವಾಗಿಲ್ಲ ಎಂದಷ್ಟೇ ಹೇಳಿ ಅಡಿಕೆ ಕೊಯ್ಲಿನ ಮಾತಿಗೆ ಹೊರಳಿಬಿಟ್ಟೆನಲ್ಲ, ಅದು ಪೂರ್ತಿ ನಿಜವಾಗಿರಲಿಲ್ಲ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಜಾಗದಲ್ಲಿಯೇ ಬರೆಯುತ್ತಿದ್ದೇನೆ, ಏಕೆಂದರೆ ಮನೆಯ ಹಿರಿಯರ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ಇಂದು ನನ್ನದಾದರೆ ನಾಳೆ ಇನ್ನೊಬ್ಬರದು.

ಸಂಧಿವಾತಕ್ಕೆಂದು ಅಮ್ಮ ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆಯೂ ವಯಸ್ಸೂ ಸೇರಿ ಅವಳ ಚರ್ಮ ಈರುಳ್ಳಿಯ ಒಳಪೊರೆಯಂತಾಗಿದೆ. ಬಚ್ಚಲಿನ ಬಾಗಿಲ ಚಿಲಕ ತಾಗಿದ್ದಷ್ಟೇ ನೆಪ, ಮೊಣಕೈ ಕೆಳಗೆ ಮೂರು ಬೆರಳಗಲ ಚರ್ಮ ಸುಲಿದು ಮಡಚಿಕೊಂಡಿತು. ನಾನು ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ನೊರೆಯೆದ್ದದ್ದನ್ನು ಕಂಡು ಗಾಯ ಶುದ್ಧವಾಯಿತೆಂದು ಸಮಾಧಾನಪಟ್ಟು, ಒಣ ಗಾಜ್ ಬಟ್ಟೆಯಿಟ್ಟು, ಸುತ್ತಲೂ ಅಂಟುಪಟ್ಟಿ ಬಿಗಿದೆ. ಮರುದಿನ ಬಿಚ್ಚಹೋದರೆ ರಸಿಕೆ ಒಣಗಿ ಗಾಜ್ ಬಟ್ಟೆ ಗಾಯದೊಂದಿಗೆ ಒಂದಾಗಿಬಿಟ್ಟಿತ್ತು. ಎಳೆದೆ. ಎಳೆದ ಜಾಗದಲ್ಲಿ ಬಟ್ಟೆಯ ಒಂದೊಂದು ಕಣ್ಣಿಗೂ ಒಂದೊಂದರಂತೆ, ರಂಗೋಲಿ ಚುಕ್ಕೆಯಿಟ್ಟ ಹಾಗೆ, ಸಾಸಿವೆಗಿಂತ ಸಣ್ಣ ರಕ್ತದ ಹನಿಗಳು ಸಾಲುಸಾಲಾಗಿ ಮೂಡಿದವು. ಅಂಟುಪಟ್ಟಿಯ ಜೊತೆಗೆ ಪಕ್ಕದ ಒಳ್ಳೆಯ ಚರ್ಮವೂ ಕಿತ್ತು ಬಂತು. ಅಮ್ಮ ಸೆರಗಿನ ತುದಿಯನ್ನು ಕಚ್ಚಿಕೊಂಡು ಕುಳಿತಿದ್ದಳು.

ಸರಿಯಾದ ಕ್ರಮವನ್ನು ಆಮೇಲೆ ನರ್ಸ್ ಒಬ್ಬರು ಕಲಿಸಿದರು. ಸುಲಿದ ಚರ್ಮವನ್ನು ಕತ್ತರಿಸಬಾರದು. ಸಲೈನಿನಲ್ಲಿ ತೋಯಿಸಿದ ಹತ್ತಿಕಡ್ಡಿಯಿಂದ ಮೆಲ್ಲನೆ ಹೊರಳಿಸಿ ಅದರ ಜಾಗಕ್ಕೇ ತಂದು ಕೂರಿಸಬೇಕು. ಪೆರಾಕ್ಸೈಡು, ಸ್ಪಿರಿಟ್ಟುಗಳು ಕ್ರಿಮಿಗಳ ಜೊತೆಗೆ ಹೊಸದಾಗಿ ಹುಟ್ಟುತ್ತಿರುವ ಜೀವಕೋಶಗಳನ್ನೂ ಸುಡುತ್ತವೆ. ತೊಳೆಯಲು ಶೇಕಡಾ 0.9ರ ಉಪ್ಪಿನ ಸಲೈನ್ ಸಾಕು. ಗಾಯಕ್ಕೆ ತಾಗುವ ಪದರ ಅಂಟದಂಥದ್ದಾಗಿರಬೇಕು. ವ್ಯಾಸಲೀನಿನಂಥ ಜಿಡ್ಡಾದ ಪ್ಯಾರಾಫಿನ್ ಸವರಿದ ಜಾಲರಿ ಬಟ್ಟೆ ಅಗ್ಗ, ಆದರೆ ಹೆಚ್ಚು ದಿನ ಬಿಟ್ಟರೆ ಅದೂ ಒಣಗಿ ಹಿಡಿದುಕೊಳ್ಳುತ್ತದೆ. ಸಿಲಿಕೋನ್ ಪಟ್ಟಿ ದುಬಾರಿಯಾದರೂ ಅದರ ಗುಣವೇ ಬೇರೆ: ಸುತ್ತಲಿನ ಒಣ ಚರ್ಮವನ್ನು ಹಗುರಾಗಿ ಹಿಡಿಯುತ್ತದೆ, ಒದ್ದೆ ಗಾಯಕ್ಕೆ ಅಂಟುವುದಿಲ್ಲ. ಅದರ ಮೇಲೆ ರಸಿಕೆ ಹೀರುವ ಮೆತ್ತನೆಯ ಪದರವಿಟ್ಟು, ಅಂಟುಪಟ್ಟಿಯ ಬದಲು ಸುರುಳಿ ಬ್ಯಾಂಡೇಜನ್ನು ಸಡಿಲವಾಗಿ ಸುತ್ತಬೇಕು. ಹೊರಗಡೆ ಪೆನ್ನಿನಿಂದ ಒಂದು ಬಾಣ ಬರೆದಿಡಬೇಕು. ಮುಂದಿನ ಸಲ ಯಾವ ದಿಕ್ಕಿಗೆ ಬಿಚ್ಚಿದರೆ ಕೂರಿಸಿದ ಚರ್ಮ ಮತ್ತೆ ಏಳುವುದಿಲ್ಲವೆಂಬುದನ್ನು ಆ ಬಾಣ ಹೇಳುತ್ತದೆ. ಕೆಂಪು ಹರಡಿದರೆ, ಕೀವಾದರೆ, ಜ್ವರ ಬಂದರೆ ಆಸ್ಪತ್ರೆ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯವಾದರೆ ಮೊದಲ ದಿನವೇ ಆಸ್ಪತ್ರೆ.

ಗಾಯ ಗಾಳಿಗೆ ಒಣಗಿ ಹಕ್ಕಳೆ ಕಟ್ಟಬೇಕೆಂದೇ ನಾವಿಬ್ಬರೂ ನಂಬಿಕೊಂಡು ಬಂದವರಲ್ಲವೇ? ಆದರೆ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಲ್ಲಿ, ತೆಳು ಪಾಲಿಥೀನ್ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹರಡುವುದನ್ನು ತೋರಿಸಿದ್ದರು. ಸುಟ್ಟಗಾಯಕ್ಕೆ ಅಜ್ಜಿ ಸುಳಿ ಬಾಳೆಯೆಲೆ ಹಾಸುತ್ತಿದ್ದದ್ದು ನೆನಪಿದೆಯೇ? ಮುಂಬಯಿಯ ಸಯಾನ್ ಆಸ್ಪತ್ರೆಯ ವೈದ್ಯರು ಕ್ರಿಮಿಶುದ್ಧಿ ಮಾಡಿದ ಬಾಳೆಯೆಲೆಯನ್ನೇ ಸುಟ್ಟಗಾಯದ ಪಟ್ಟಿಯಾಗಿ ಬಳಸಿ, ಅದು ಅಂಟದೆ, ನೋಯಿಸದೆ ಬಿಟ್ಟುಬರುವುದನ್ನು ಬರೆದಿಟ್ಟಿದ್ದಾರೆ. ಅಜ್ಜಿಗೆ ಇದನ್ನು ಹೇಳಬೇಕಿತ್ತೆಂದು ಅದನ್ನೋದಿದ ದಿನ ತುಂಬ ಅನ್ನಿಸಿತು.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ಸೋಮವಾರ ಅಮ್ಮನ ಎಡಗಾಲಿಗೆ ಹಳೆ ಸೀರೆಯ ಚೂರು ಸುತ್ತಿದ್ದು ಕಣ್ಣಿಗೆ ಬಿತ್ತು. ಮಣೆಯ ಅಂಚು ತಾಗಿ ಗಾಯವಾಗಿ ಆಗಲೇ ಮೂರು ದಿನವಾಗಿತ್ತು. ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, "ನೀ ಪಟ್ಟಿ ಕೀಳುವಾಗ ಜೀವ ಹೋದ ಹಾಗೆ ಆಗ್ತದೆ ಮಾರಾಯ, ಅದಕ್ಕೇ ಸುಮ್ಮನಿದ್ದೆ" ಎಂದಳು. ಕ್ರಮ ಕಲಿತ ಮೇಲೂ ಒಂದು ಸಂಜೆ ದಣಿದು ಬಂದವನು, ಅವಳು ಕೈ ಹಿಂದಕ್ಕೆ ಎಳೆದುಕೊಂಡಾಗ, ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಒಂದೇ ಸಲಕ್ಕೆ ಕಿತ್ತಿದ್ದೆ. ಸಲೈನ್ ಬಾಟಲಿ ಕಿಟಕಿಯಲ್ಲೇ ಇತ್ತು. ಪಟ್ಟಿಯನ್ನು ತೋಯಿಸಿ ಹತ್ತು ನಿಮಿಷ ಕಾಯಬೇಕೆಂಬುದೂ ಗೊತ್ತಿತ್ತು. ಆ ಹತ್ತು ನಿಮಿಷ ನನಗೆ ಬೇಡವಾಗಿತ್ತು, ಸೀನ. ಅವಳು ಹೆದರಿದ್ದು ಗಾಯಕ್ಕಲ್ಲ, ನನ್ನ ಕೈಗೆ. ಇದನ್ನು ನಿನ್ನ ಮುಂದೆ ಕುಳಿತು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಇರಲಿ, ಬರೆಯಬೇಕೆಂದಿದ್ದಕ್ಕಿಂತ ಹೆಚ್ಚೇ ಬರೆದೆ. ಈಗ ಪಟ್ಟಿ ಬಿಚ್ಚುವ ಮೊದಲು ಅಮ್ಮನೇ ಬಟ್ಟಲಿನ ಸಲೈನಿಗೆ ಹತ್ತಿ ಅದ್ದಿ ಹಿಂಡುತ್ತಾಳೆ, ನಾನು ಕಾಯುತ್ತೇನೆ. ಬಾಣವನ್ನೂ ಅವಳೇ ಬರೆಯುತ್ತಾಳೆ. ನಿನ್ನೆ ಅದಕ್ಕೊಂದು ಗರಿಯನ್ನೂ ಸೇರಿಸಿದ್ದಳು. ದೀಪಾವಳಿಗೆ ಬರುವಾಗ ತಿಪಟೂರಿನ ಛತ್ರಿಯನ್ನು ಮರೆಯದೆ ತಾ, ಅವಳು ಇನ್ನೂ ಅದನ್ನೇ ಕೇಳುತ್ತಿದ್ದಾಳೆ. ಜೊತೆಗೆ ಹತ್ತು ಸೆಂಟಿಮೀಟರ್ ಚೌಕದ ಸಿಲಿಕೋನ್ ಪಟ್ಟಿ ಎರಡು ಪೊಟ್ಟಣ ಬೇಕು, ಇಲ್ಲಿನ ಅಂಗಡಿಯಲ್ಲಿ ಮುಗಿದಿದೆ.

ನಿನ್ನ,
ರಾಘು