ಮುಕ್ಕಾಲು ದೊಡ್ಡದೋ, ಒಂಬತ್ತನೇ ಏಳು ದೊಡ್ಡದೋ?

ಮಾನ್ಯ ಸಂಪಾದಕರೇ,

ಗಣಿತದ ಫಲಿತಾಂಶ ಕುಸಿದಾಗಲೆಲ್ಲ ಶಿಕ್ಷಕರಿಗೆ ಇನ್ನೊಂದು ತರಬೇತಿ ಕೊಡಬೇಕೆಂಬ ಮಾತು ಏಳುತ್ತದೆ. ನಮ್ಮಲ್ಲಿ ತರಬೇತಿ ಯಾವಾಗಲೂ ಮೇಲಿನಿಂದಲೇ ಇಳಿಯಬೇಕು. ರಾಜ್ಯಮಟ್ಟದಲ್ಲಿ ಗಟ್ಟಿಯಾಗಿದ್ದದ್ದು ಜಿಲ್ಲೆ, ತಾಲ್ಲೂಕು ದಾಟಿ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮುಟ್ಟುವಷ್ಟರಲ್ಲಿ ನೀರು ಮಜ್ಜಿಗೆಯಾಗಿರುತ್ತದೆ. ಶಿಕ್ಷಕರು ಪರಸ್ಪರ ಕಲಿಯುವ ದಾರಿಯೂ ಇದೆ. ಅದಕ್ಕೆ ಹೊಸ ಕಟ್ಟಡ, ಹೊಸ ಕಿಟ್ ಏನೂ ಬೇಡ. ಕ್ಲಸ್ಟರ್ ಶಿಕ್ಷಕರ ಸಮಾಲೋಚನಾ ಸಭೆಗೆ ಮೀಸಲಾದ ಹೊತ್ತು ಸಾಕು.

ಗಣಿತ ಬೋಧನೆಯ ಕಷ್ಟಸುಖವನ್ನು ಗಡಿ ದಾಟಿ ಹಂಚಿಕೊಳ್ಳುವುದು ಹಳೆಯ ರೂಢಿ. 1908ರಲ್ಲಿ ರೋಮ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಗಣಿತ ಬೋಧನಾ ಆಯೋಗಕ್ಕೆ ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಮೊದಲ ಅಧ್ಯಕ್ಷರು. ಅದರ ಮೊದಲ ಮಹಾಸಮಾವೇಶ 1969ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ನಡೆಯಿತು. 2024ರದ್ದು ಸಿಡ್ನಿಯಲ್ಲಾಯಿತು. ಅಲ್ಲಿ ನಡೆಯುವುದು ಬಹುಪಾಲು ಇಂಗ್ಲಿಷಿನಲ್ಲಿ, ಹೋಗುವವರು ಬಹುಪಾಲು ವಿಶ್ವವಿದ್ಯಾಲಯದವರು. ಐದನೇ ತರಗತಿಗೆ ಭಾಗಾಕಾರ ಹೇಳಿಕೊಡುವವರ ಕಿವಿಗೆ ಅದು ಬೀಳುವುದಿಲ್ಲ, ಅವರಿಗೆ ಗೊತ್ತಿರುವುದು ಆ ವೇದಿಕೆಗೂ ಹತ್ತುವುದಿಲ್ಲ.

ಹಾಗಿದ್ದರೂ ತಂದುಕೊಳ್ಳಲು ಯೋಗ್ಯವಾದದ್ದಿದೆ. ಜಪಾನಿನ ಶಿಕ್ಷಕರಲ್ಲಿ ಶತಮಾನಕ್ಕೂ ಹಳೆಯದಾದ 'ಪಾಠ ಅಧ್ಯಯನ' ಎಂಬ ಪದ್ಧತಿಯಿದೆ. ನಾಲ್ಕೈದು ಜನ ಸೇರಿ ಒಂದೇ ಒಂದು ಪಾಠ ಸಿದ್ಧಪಡಿಸುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ತರಗತಿಯಲ್ಲೇ ಕೂತು ನೋಡುತ್ತಾರೆ, ಆಮೇಲೆ ಚರ್ಚೆ. ಹೇಳಲು ಸುಲಭ. ಕಷ್ಟವಿರುವುದು ಪ್ರಶ್ನೆಯನ್ನು ಆರಿಸುವುದರಲ್ಲಿ.

ಆರನೇ ತರಗತಿಯ ಭಿನ್ನರಾಶಿ ಹೋಲಿಕೆಯನ್ನೇ ತೆಗೆದುಕೊಳ್ಳಿ. 5/6 ದೊಡ್ಡದೋ 7/9 ದೊಡ್ಡದೋ? ಅಂಶ, ಛೇದ ಎರಡನ್ನೂ ಬಿಡಿಬಿಡಿ ಸಂಖ್ಯೆಗಳಾಗಿ ನೋಡುವ ಮಗು 'ಏಳೂ ದೊಡ್ಡದು, ಒಂಬತ್ತೂ ದೊಡ್ಡದು, ಅದಕ್ಕೇ 7/9' ಎನ್ನುತ್ತದೆ. ಈ ತಪ್ಪು ಕೈಗೆ ಸಿಕ್ಕಿತು. ಪಕ್ಕದ ಮಗು 'ಇಲ್ಲಿ ಒಂದು ತುಂಡು ಕಮ್ಮಿ, ಅಲ್ಲಿ ಎರಡು ತುಂಡು ಕಮ್ಮಿ, ಅದಕ್ಕೇ 5/6' ಎನ್ನುತ್ತದೆ. ಉತ್ತರ ಸರಿ, ಶಹಬ್ಬಾಸ್ ಕೂಡ ಸಿಗುತ್ತದೆ, ಕಾರಣ ಮಾತ್ರ ಪೊಳ್ಳು. ಅದೇ ಮಗುವಿಗೆ 3/4 ಮತ್ತು 7/9 ಕೊಡಿ. ಅದೇ ಜಾಡಿನಲ್ಲಿ ಹೋಗಿ 3/4 ದೊಡ್ಡದೆನ್ನುತ್ತದೆ. ನಿಜವಾಗಿ 7/9 ದೊಡ್ಡದು, 1/36ರಷ್ಟು. ಆಸ್ಟ್ರೇಲಿಯಾದ ಸಂಶೋಧಕರು ಹೀಗೆ ಅಂಶ, ಛೇದಗಳ ಅಂತರವನ್ನಷ್ಟೇ ನೋಡುವುದನ್ನು 'ಗ್ಯಾಪ್ ಥಿಂಕಿಂಗ್' ಎಂದು ಕರೆದು ಅಧ್ಯಯನ ಮಾಡಿದ್ದಾರೆ. ಒಂದೇ ಜೋಡಿ ಕೊಟ್ಟು ಮುಗಿಸಿದರೆ ಎರಡರಲ್ಲೊಂದು ತಪ್ಪು ತಪ್ಪಿಸಿಕೊಳ್ಳುತ್ತದೆ. ಎರಡೂ ಜೋಡಿ ಕೊಡಬೇಕು. ಬೇರೆ ದೇಶದವರಿಂದ ಪಡೆಯಬೇಕಾದದ್ದು ಇಂಥ ತಪ್ಪುಗಳ ಪಟ್ಟಿ. ಬಣ್ಣದ ಚಾರ್ಟು ನಮ್ಮಲ್ಲೇ ಬೇಕಾದಷ್ಟಿದೆ.

ಲ.ಸಾ.ಅ. ತೆಗೆದು ಬಿಡಿಸುವ ಮೊದಲು ಕಣ್ಣಿಗೆ ಕಾಣಿಸಬೇಕಲ್ಲ? ದೋಸೆಯ ಚಿತ್ರ ಇಲ್ಲಿ ಕೈಕೊಡುತ್ತದೆ. ವೃತ್ತದಲ್ಲಿ 3/4 ಎಂದರೆ 270 ಡಿಗ್ರಿ, 7/9 ಎಂದರೆ 280. ಕೈಯಲ್ಲಿ ಬಿಡಿಸಿದರೆ ಆ ಹತ್ತು ಡಿಗ್ರಿ ಗೆರೆಯ ವಕ್ರತೆಯಲ್ಲೇ ಮುಳುಗಿಹೋಗುತ್ತದೆ. 36 ಸೆಂ.ಮೀ. ಉದ್ದದ ಕಾಗದದ ಪಟ್ಟಿಗಳು ಒಳ್ಳೆಯವು. ನಾಲ್ಕು ಭಾಗ ಮಾಡಿದರೆ ಒಂದೊಂದು 9 ಸೆಂ.ಮೀ., ಆರು ಮಾಡಿದರೆ 6, ಒಂಬತ್ತು ಮಾಡಿದರೆ 4. ಆಗ 3/4 ಎಂದರೆ 27, 7/9 ಎಂದರೆ 28, 5/6 ಎಂದರೆ 30 ಸೆಂ.ಮೀ. ಎ4 ಹಾಳೆ 29.7 ಸೆಂ.ಮೀ.ಗೇ ಮುಗಿಯುವುದರಿಂದ ಸಾಲದು. ಹಳೆಯ ದಿನಪತ್ರಿಕೆ ಸಾಕಷ್ಟು ಉದ್ದವಿದೆ (ನಿಮ್ಮದೂ ಆದೀತು). ಮಡಿಸಿ ಒಂಬತ್ತು ಭಾಗ ಮಾಡಿಸಬೇಡಿ. ಮಡಿಕೆ ಸ್ವಲ್ಪ ಜಾರಿದರೂ ಆ ಒಂದು ಸೆಂ.ಮೀ. ವ್ಯತ್ಯಾಸ ಮಾಯ. ಸ್ಕೇಲಿಟ್ಟು ಗುರುತು ಹಾಕಿಸಿ, ಎಡತುದಿಗಳನ್ನು ಸೇರಿಸಿ ಒಂದರ ಕೆಳಗೊಂದು ಇಡಿಸಿ.

ಇನ್ನು ನೋಡುವವರ ಕೆಲಸ. ಒಬ್ಬೊಬ್ಬರು ಎರಡು ಮೂರು ಮಕ್ಕಳ ಪಕ್ಕ ಕೂತು, ಮಕ್ಕಳು ಆಡಿದ ಮಾತನ್ನು ಹಾಗೆಹಾಗೇ ಬರೆದುಕೊಳ್ಳಬೇಕು. ಸಹಾಯ ಮಾಡಕೂಡದು. ನಮ್ಮವರಿಗೆ ಇದೇ ಅತಿ ಕಷ್ಟ, ತಪ್ಪು ಕಂಡೊಡನೆ ಕೈ ಚಾಚಿಬಿಡುತ್ತೇವೆ. ಪಾಠ ಮಾಡುವವರು ಡಸ್ಟರ್ ಮುಟ್ಟಬಾರದು. ಜಪಾನಿನಲ್ಲಿ ಇಡೀ ಅವಧಿಯ ಬರಹ, ತಪ್ಪು ಉತ್ತರಗಳೂ ಸೇರಿ, ಹಲಗೆಯ ಮೇಲೆ ಕೊನೆಯವರೆಗೆ ಉಳಿಯುವಂತೆ ಜಾಗವನ್ನು ಮೊದಲೇ ಲೆಕ್ಕ ಹಾಕುತ್ತಾರೆ. ಕೊನೆಗೆ ಹಲಗೆಯ ಒಂದು ಫೋಟೊ ತೆಗೆದರೆ ಅದೇ ದಾಖಲೆ. ಚರ್ಚೆಯಲ್ಲಿ ಪಾಠ ಮಾಡಿದವರೇ ಮೊದಲು ಮಾತಾಡಲಿ. ಉಳಿದವರ ಮಾತು ಮಕ್ಕಳ ನೋಟ್‌ಬುಕ್ಕಿನ ಬಗ್ಗೆ ಇರಲಿ, ಪಾಠ ಮಾಡಿದವರ ದನಿ, ಅಕ್ಷರದ ಅಂದ ಬೇಡ.

ಈ ಪದ್ಧತಿ ನಮ್ಮಲ್ಲಿ ಕೆಡುವುದು 'ಮಾದರಿ ಪಾಠ' ಎಂಬ ಹೆಸರು ಬಿದ್ದಾಗ. ಚುರುಕು ಮಕ್ಕಳನ್ನು ಮುಂದೆ ಕೂರಿಸುತ್ತಾರೆ, ಉತ್ತರ ಹಿಂದಿನ ದಿನವೇ ಬಾಯಿಪಾಠವಾಗಿರುತ್ತದೆ, ಅಧಿಕಾರಿಗಳು ಹಿಂದಿನ ಬೆಂಚಿನಲ್ಲಿ ಅಂಕ ಹಾಕುತ್ತಾರೆ. ಹೊರಗಿನದನ್ನು ತರುವಾಗ ಅಲ್ಲಿನ ಏರ್ಪಾಡನ್ನೂ ನೋಡಬೇಕು. 2014ರಿಂದ ಇಂಗ್ಲೆಂಡ್ ಮತ್ತು ಶಾಂಘೈ ನಡುವೆ ಗಣಿತ ಶಿಕ್ಷಕರ ವಿನಿಮಯ ನಡೆಯಿತು. ಶಾಂಘೈನಲ್ಲಿ ಪ್ರಾಥಮಿಕ ಶಾಲೆಯಲ್ಲೂ ಗಣಿತಕ್ಕೆ ಪ್ರತ್ಯೇಕ ಶಿಕ್ಷಕರು. ಇಂಗ್ಲೆಂಡಿನ ಪ್ರಾಥಮಿಕ ಶಿಕ್ಷಕರು ಸಾಮಾನ್ಯವಾಗಿ ಎಲ್ಲ ವಿಷಯವನ್ನೂ ಕಲಿಸುವವರು. ನಮ್ಮ ಕಿರಿಯ ಪ್ರಾಥಮಿಕದ ಸ್ಥಿತಿಯೂ ಹೆಚ್ಚುಕಮ್ಮಿ ಅದೇ. ಎಲ್ಲ ವಿಷಯದ ಹೊರೆ ಹೊತ್ತವರಿಗೆ ಗಣಿತಕ್ಕೆ ಸಿಗುವ ಬಿಡುವು ಕಮ್ಮಿ. ಆದ್ದರಿಂದ ತಿಂಗಳಿಗೊಂದಲ್ಲ, ಒಂದು ಅವಧಿಗೆ, ಅಂದರೆ ಅರ್ಧ ವರ್ಷಕ್ಕೆ, ಎರಡು ಪಾಠ ನೋಡಿದರೂ ಸಾಕೆನ್ನಬೇಕು.

ಕೊಡಲು ನಮ್ಮಲ್ಲೇನಿದೆ ಎಂದು ಕೇಳುವವರಿಗೆ ಒಂದೇ ಪದ: ಮುಕ್ಕಾಲು. ಮೂರು ಕಾಲು ಸೇರಿ ಮುಕ್ಕಾಲು. ಭಿನ್ನರಾಶಿಯನ್ನು ಏಕಮಾನ ಭಾಗಗಳ (ಕಾಲು, ಆರನೇ ಒಂದು ಇಂಥ ಒಂದೊಂದು ತುಂಡಿನ) ಎಣಿಕೆಯಾಗಿ ಕಲಿಸಿ ಎಂದು ಜಗತ್ತಿನ ಪಠ್ಯಕ್ರಮಗಳು ಹೇಳುವುದನ್ನು ಈ ಪದ ಬಾಯಿಬಿಟ್ಟೇ ಹೇಳುತ್ತಿದೆ. ಬೆಂಗಳೂರಿನ ತರಗತಿಯಲ್ಲಿ ತಮಿಳು ಮನೆಮಾತಿನ ಮಗುವಿಗೂ ಅದು ಮುಕ್ಕಾಲ್, ತೆಲುಗಿನ ಮಗುವಿಗೆ ಮುಪ್ಪಾವು. ಹಿಂದಿಯ 'ಪೌನ್' ಮಾತ್ರ ಕಾಲು ಕಮ್ಮಿ ಎಂದು ಹಿಂದಿನಿಂದ ಎಣಿಸುತ್ತದೆ. 'ಮೂರನೇ ಎರಡು' ಎನ್ನುವಾಗ ಎಷ್ಟು ಭಾಗ ಮಾಡಿದ್ದು ಎಂಬುದು ಮೊದಲು ಬರುತ್ತದೆ. ಜಪಾನಿ, ಚೀನೀ ಭಾಷೆಗಳ ಕ್ರಮವೂ ಇದೇ. ಇಷ್ಟಿದ್ದೂ ತರಗತಿಯಲ್ಲಿ ಕೇಳಿಸುವುದು 'ಟೂ ಬೈ ತ್ರೀ'. ಎರಡೂ ಓದಿನ ಕ್ರಮಗಳಲ್ಲಿ ಮಕ್ಕಳ ತಪ್ಪು ಹೇಗೆ ಬದಲಾಗುತ್ತದೆಂದು ದಾಖಲಿಸಲು ಇಷ್ಟು ಭಾಷೆಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುವ ಈ ಊರಿಗಿಂತ ಒಳ್ಳೆಯ ಜಾಗ ಯಾವುದು?

ಶಿಕ್ಷಣ ಇಲಾಖೆಗೆ ನಮ್ಮ ಕೋರಿಕೆ ಚಿಕ್ಕದು. ಕ್ಲಸ್ಟರ್ ಸಭೆಯ ವರದಿಯಲ್ಲಿ ಹಾಜರಾತಿಯ ಜೊತೆಗೆ ಮೂರು ಸಾಲು ಸೇರಿಸಿ: ಕೊಟ್ಟ ಪ್ರಶ್ನೆ ಯಾವುದು, ಮಕ್ಕಳು ಬರೆದ ತಪ್ಪು ಉತ್ತರಗಳು ಯಾವುವು, ಅದಕ್ಕೆ ಅವರು ಕೊಟ್ಟ ಕಾರಣವೇನು. ಡಯಟ್‌ಗಳು (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳು) ವರ್ಷಕ್ಕೊಮ್ಮೆ ಅವನ್ನು ಒಟ್ಟುಮಾಡಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೊರತರಲಿ. ಮುಂದಿನ ಮಹಾಸಮಾವೇಶ 2028ರಲ್ಲಿ ಪ್ರಾಗ್‌ನಲ್ಲಿ.

– ಗಣಿತ ಶಿಕ್ಷಕರು, ಬಸವನಗುಡಿ, ಬೆಂಗಳೂರು