ನಿನಗೆ ಬಂದ ಆ ಆರು ಅಂಕ

ಗೆಳೆಯಾ,

ಮೊನ್ನೆ ನಿನ್ನ ಫೋನ್ ಬಂದಾಗ ಹೊಸಪೇಟೆ ಬಸ್ಸಿನಲ್ಲಿ ನಿಂತಿದ್ದೆ. ಆ ಗದ್ದಲದಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ನೀನು ಕೇಳಿದ್ದು ಮಾತ್ರ ತಲೆಯಲ್ಲೇ ಉಳಿಯಿತು. "ನೀನೀಗ ಮೇಷ್ಟ್ರು. ನಿಜ ಹೇಳು, ಹುಡುಗರ ವಿಚಾರ ಹಿಡಿಸದಿದ್ರೆ ಅಂಕ ಕಡಿಮೆ ಹಾಕ್ತೀರಾ?" ರಾಯಚೂರಿನಲ್ಲಿ ಓದುತ್ತಿರುವ ನಿನ್ನ ಅಕ್ಕನ ಮಗನಿಗೆ ಇಂಟರ್ನಲ್ಸ್‌ನಲ್ಲಿ, ಅಂದರೆ ಕಾಲೇಜಿನ ಮೇಷ್ಟ್ರೇ ಹಾಕುವ ಅಂಕದಲ್ಲಿ, 40ಕ್ಕೆ 17 ಬಂದಿದೆ. ಕ್ಲಾಸಿನಲ್ಲಿ ಸರ್ ಜೊತೆ ವಾದ ಮಾಡಿದ್ದಕ್ಕೇ ಹೀಗಾಯಿತು ಅಂತ ಅವನ ದೂರು.

ಹೌದು, ಹಾಕುತ್ತೇವೆ. ಎಲ್ಲರೂ ಅಲ್ಲ, ಯಾವಾಗಲೂ ಅಲ್ಲ. ಆದರೆ ಹಾಕುತ್ತೇವೆ. ಇದು ನಿನಗೆ ಗೊತ್ತಿಲ್ಲದ್ದೇನಲ್ಲ, ಅಲ್ವಾ?

ನಾವು ಬಳ್ಳಾರಿಯಲ್ಲಿ ಬಿ.ಎ. ಓದುತ್ತಿದ್ದಾಗ, 2011ರ ಜುಲೈ ಕೊನೆಯಲ್ಲಿ, ಅಕ್ರಮ ಗಣಿಗಾರಿಕೆ ಬಗ್ಗೆ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಬಂದು ಎರಡೇ ದಿನಕ್ಕೆ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಮ್ಮ ಸರ್‌ಗೆ ಖುಷಿಯೋ ಖುಷಿ. ಸಂಡೂರಿನ ಗುಡ್ಡಗಳು ಉಳಿದವು ಅಂತ ವಾರಗಟ್ಟಲೆ ಅದೇ ಪಾಠ. ಅವರು ಹೇಳಿದ್ದು ಸುಳ್ಳಲ್ಲ, ಆ ಮಾತಿನಲ್ಲಿ ನಾನು ಇವತ್ತಿಗೂ ಅವರ ಕಡೆಗೇ. ಆದರೆ ನಿಮ್ಮ ಮನೆ ಮುಂದೆ ಅಪ್ಪನ ಲಾರಿ ನಿಂತುಬಿಟ್ಟಿತ್ತು. ಟಯರಿಗೆ ಹತ್ತಿದ ಕೆಂಪು ಮಣ್ಣು ಹಾಗೇ ಒಣಗಿ ಬಿರುಕು ಬಿಟ್ಟಿತ್ತು. ಫೈನಾನ್ಸಿನವರು ಕಂತು ಕೇಳಲು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಸೆಮಿನಾರಿನಲ್ಲಿ ನೀನು ಎದ್ದು ನಿಂತು, "ಲೂಟಿ ಮಾಡಿದವರು ಬೇರೆ, ಲಾರಿ ಓಡಿಸಿದವರು ಬೇರೆ. ಇವರ ಹೊಟ್ಟೆಪಾಡಿಗೆ ಏನು ಮಾಡ್ತಾರೆ ಸರ್?" ಅಂದೆ. ಸರ್ "ಕೂತ್ಕೋ" ಅಂದರು. ಅಷ್ಟೇ.

ನೋಟಿಸ್ ಬೋರ್ಡಿನಲ್ಲಿ ನಿನ್ನ ಹೆಸರಿನ ಮುಂದೆ 20ಕ್ಕೆ 6 ಇತ್ತು. ನನಗೆ 18.

ಹದಿನಾಲ್ಕು ವರ್ಷ ನಾವಿಬ್ಬರೂ ಅದರ ಬಗ್ಗೆ ಮಾತಾಡಿಲ್ಲ. ಈಗ ಹೇಳುತ್ತೇನೆ. ನನ್ನ ಹಾಳೆಯಲ್ಲಿ ನನ್ನದು ಅನ್ನುವ ಒಂದು ಸಾಲೂ ಇರಲಿಲ್ಲ. ಸರ್ ಹೇಳಿದ್ದನ್ನೇ ಚೆಂದದ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ನೀನು ಓಣಿಯ ಡ್ರೈವರ್‌ಗಳನ್ನು, ಕ್ಲೀನರ್‌ಗಳನ್ನು ಮಾತಾಡಿಸಿ, ಒಂದು ಟ್ರಿಪ್ಪಿಗೆ ಡೀಸೆಲ್ಲಿಗೆಷ್ಟು, ಟಯರಿಗೆಷ್ಟು, ಕೈಗೆ ಉಳಿಯುವುದೆಷ್ಟು ಅಂತ ಲೆಕ್ಕ ಬರೆದಿದ್ದೆ. ಓದಿದವನು ನೀನು, ಅಂಕ ಬಂದಿದ್ದು ನನಗೆ.

ಯೂನಿವರ್ಸಿಟಿ ಪರೀಕ್ಷೆಯಲ್ಲಿ ಈ ತೊಂದರೆ ಕಡಿಮೆ. ಉತ್ತರ ಪತ್ರಿಕೆ ಕೋಡಿಂಗ್ ಆಗಿ ಬರುತ್ತದೆ, ಯಾರದ್ದು ಅಂತ ಗೊತ್ತಾಗುವುದಿಲ್ಲ. ಇಂಟರ್ನಲ್ಸ್ ಹಾಗಲ್ಲ. ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್, ಎಲ್ಲದರ ಮೇಲೂ ಹೆಸರು ಇರುತ್ತದೆ, ಮುಖ ಕಣ್ಣಮುಂದೆ ಇರುತ್ತದೆ. 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂದ ಮೇಲೆ ಅದಕ್ಕೆ 40 ಅಂಕ ಆಯಿತು. ನಿನ್ನ ಅಳಿಯನ ಬ್ಯಾಚಿಗೂ ಅದೇ ಪದ್ಧತಿ.

ಇಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ಕೂತು ನನಗೆ ಅನ್ನಿಸಿದ್ದು ಒಂದಿದೆ. ನಮಗೆ ಸಹಿಸಲು ಆಗದಿರುವುದು ಹುಡುಗರ ವಿಚಾರವಲ್ಲ, ಎದುರು ಮಾತು. ಯಾವ ಪಕ್ಷದ ಬಾವುಟ ಹಿಡಿದರೂ, ಸುಮ್ನೆ ತಲೆ ತಗ್ಗಿಸಿ "ಹೌದು ಸರ್" ಅಂದವನಿಗೆ ಏನೂ ಆಗುವುದಿಲ್ಲ. ನಮ್ಮ ವಿಚಾರದವನೇ ಆಗಿರಲಿ, ಅರವತ್ತು ಜನರ ಮುಂದೆ "ಸರ್, ಅದು ಹಾಗಲ್ಲ" ಅಂದನೋ, ಅವನು ಸೊಕ್ಕಿನ ಹುಡುಗ. ಹುಡುಗಿಯಾದರಂತೂ ಕೇಳಲೇಬೇಡ. ಒಮ್ಮೆ ಆ ಹೆಸರು ಬಿತ್ತೆಂದರೆ ಮೂರು ವರ್ಷ ಬೆನ್ನು ಬಿಡುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿರುತ್ತಾರೆ.

ನಾನೂ ಇದಕ್ಕೆ ಹೊರತಲ್ಲ. ಊರ ಪಕ್ಕದ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ 2025ರ ಫೆಬ್ರವರಿಯಲ್ಲಿ ಕೊಪ್ಪಳ ಬಂದ್ ಆಯಿತಲ್ಲ, ಗವಿಮಠದ ಸ್ವಾಮೀಜಿಯವರೂ ಬಂದಿದ್ದರು. ನಾನೂ ಆ ಮೆರವಣಿಗೆಯಲ್ಲಿ ನಡೆದವನು. ಕಪ್ಪು ಧೂಳು ಮನೆಯೊಳಗೆ ಬಂದು ಬೀಳುವುದನ್ನು ಕಂಡವನು. ಆಮೇಲೆ ಅದೇ ವಿಷಯದ ಮೇಲೆ ಅಸೈನ್‌ಮೆಂಟ್ ಕೊಟ್ಟೆ. ಒಬ್ಬ ಹುಡುಗಿ ಕಾರ್ಖಾನೆ ಬರಲೇಬೇಕು ಅಂತ ಬರೆದಿದ್ದಳು. ಅಣ್ಣ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾನೆ, ಇಲ್ಲೇ ಕೆಲಸ ಸಿಕ್ಕರೆ ಅವ್ವನ ಹತ್ತಿರ ಇರುತ್ತಾನೆ ಅಂತ. ಕೆಂಪು ಪೆನ್ನಿನಲ್ಲಿ 10ಕ್ಕೆ 5 ಹಾಕಿ ಪಕ್ಕಕ್ಕಿಟ್ಟೆ. ಮುಂದಿನ ಹಾಳೆ ನನ್ನ ಪಾಠವನ್ನೇ ಒಪ್ಪಿಸಿತ್ತು. ಅದಕ್ಕೆ 9 ಬರೆಯುವಾಗ ನಿನ್ನ ಲಾರಿ ನೆನಪಾಯಿತು.

ಅವಳ ಹಾಳೆ ಮತ್ತೆ ತೆಗೆದು ಓದಿದೆ. ತನ್ನ ಓಣಿಯಿಂದ ಎಷ್ಟು ಜನ ದುಡಿಯಲು ಹೋಗಿದ್ದಾರೆ, ದಿನಗೂಲಿ ಎಷ್ಟು, ಎಲ್ಲ ಕೇಳಿ ಬರೆದಿದ್ದಳು. 5 ಹೊಡೆದು 9 ಮಾಡಿದೆ. ಆ ತಿದ್ದು ಯಾಕೆ ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಿತ್ತು. ಈಗ ಅಸೈನ್‌ಮೆಂಟಿನ ಮೊದಲ ಪುಟ ಮಡಚಿ, ಹೆಸರು ನೋಡದೆ ಅಂಕ ಹಾಕುತ್ತೇನೆ. ಆದರೂ ಕೆಲವರ ಅಕ್ಷರ ಗುರುತು ಸಿಗುತ್ತದೆ, ಏನು ಮಾಡಲಿ.

ಅಳಿಯನ ವಿಷಯಕ್ಕೆ ಬರುತ್ತೇನೆ. ಮೊದಲು ಅವನು ಟೆಸ್ಟ್ ಬರೆದ ತನ್ನ ಬ್ಲೂ ಬುಕ್, ಅಸೈನ್‌ಮೆಂಟ್ ಕೇಳಿ ಪಡೆದು ನೋಡಲಿ. ಎರಡನೇ ಟೆಸ್ಟಿಗೇ ಬಾರದೆ ಸರ್‌ಗೆ ನನ್ನ ಮೇಲೆ ಸಿಟ್ಟು ಅನ್ನುವ ಹುಡುಗರನ್ನೂ ನಾನು ನೋಡಿದ್ದೇನೆ. ಎಲ್ಲ ಬರೆದೂ ಅಂಕ ಬಂದಿಲ್ಲವೆಂದರೆ ಮಾತು ಬೇರೆ. ಆಗ ಒಬ್ಬನೇ ಹೋಗಿ ಸಮಾಧಾನವಾಗಿ "ಎಲ್ಲಿ ತಪ್ಪಿದೆ ಸರ್?" ಅಂತ ಕೇಳಲಿ. ಅಲ್ಲಿ ಆಗದಿದ್ದರೆ ಬರವಣಿಗೆಯಲ್ಲಿ ದೂರು ಕೊಡಲಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರಲ್ಲಿ ತಂದ ನಿಯಮದ ಪ್ರಕಾರ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಅಂಕ ಹಾಕುವಾಗ ಅನ್ಯಾಯವಾದರೆ ಅದೂ ಅಲ್ಲಿಗೆ ಬರುತ್ತದೆ. ಸಮಿತಿ 15 ಕೆಲಸದ ದಿನದೊಳಗೆ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ವಿದ್ಯಾರ್ಥಿಗಳ ದೂರು ವಿಚಾರಿಸುವ ಯೂನಿವರ್ಸಿಟಿಯ ಓಂಬುಡ್ಸ್‌ಪರ್ಸನ್ ಹತ್ತಿರ ಮೇಲ್ಮನವಿ ಹಾಕಬಹುದು.

ಇನ್ನೂ ಒಂದು ಸೆಮಿಸ್ಟರ್ ಅದೇ ಸರ್ ಕೈಯಲ್ಲಿ ಇರಬೇಕಲ್ಲ ಅಂತ ನಿನ್ನ ಅಕ್ಕ ಹೆದರುತ್ತಿರಬಹುದು. ಆ ಹೆದರಿಕೆ ಸುಳ್ಳಲ್ಲ. ಭಾನುವಾರ ಅವನನ್ನು ಕರೆದುಕೊಂಡು ಬಾ, ಅರ್ಜಿಯನ್ನು ನಾನೇ ಕೂತು ಬರೆಸುತ್ತೇನೆ. ಆದರೆ ಕ್ಲಾಸಿನಲ್ಲಿ ಬಾಯಿ ಮುಚ್ಚಿಕೊಂಡಿರು ಅಂತ ಮಾತ್ರ ಅವನಿಗೆ ಹೇಳಬೇಡ. ನಾನು ಹಾಗಿದ್ದೇ 18 ತಗೊಂಡವನು.

ಬರುವಾಗ ಇನ್ನೊಂದು ಕೆಲಸ ಮಾಡು. ನಿನ್ನ ಆ ಸೆಮಿನಾರ್ ಹಾಳೆಗಳು ಅವ್ವನ ಟ್ರಂಕಿನಲ್ಲಿ ಇರಬಹುದು. ಸಿಕ್ಕರೆ ತಗೊಂಡು ಬಾ. ನಾನೊಮ್ಮೆ ಪೂರ್ತಿ ಓದಬೇಕು.

ನಿನ್ನ ಗೆಳೆಯ